ಅತ್ತೆಯ ಬಾಗಿಲಿನ ನೂರ ಅರವತ್ತೊಂಬತ್ತು ತೂತು

ತೂತಿಗೆ ನಮ್ಮ ಭಾಷೆಯಲ್ಲಿ ಮರ್ಯಾದೆ ಕಡಿಮೆ. ಯಾರದಾದರೂ ಮನೆಯ ಜಗಳ ಬೀದಿಗೆ ಬಂದರೆ "ಹೋಗಲಿ ಬಿಡಿ, ಎಲ್ಲರ ಮನೆ ದೋಸೆಯೂ ತೂತೇ" ಎಂದು ಸಮಾಧಾನ ಹೇಳುತ್ತೇವೆ. ಹೇಳಿದ್ದು ತಲೆಯಲ್ಲಿ ನಿಲ್ಲದವನನ್ನು ತೂತು ಬಿದ್ದ ಕೊಡ ಎನ್ನುತ್ತೇವೆ. ಪಾಪ, ತೂತಿನ ಕಡೆಯಿಂದ ಮಾತಾಡುವವರು ಯಾರೂ ಇಲ್ಲ. ತೂತಿಲ್ಲದೆ ಇದ್ದಿದ್ದರೆ ಚಕ್ಕುಲಿ ಒರಳಿನಿಂದ ಚಕ್ಕುಲಿ ಎಲ್ಲಿಂದ ಬರುತ್ತಿತ್ತು, ಜರಡಿಯಲ್ಲಿ ರವೆ ಹೇಗೆ ಇಳಿಯುತ್ತಿತ್ತು, ಶರ್ಟಿಗೆ ಗುಂಡಿ ಹಾಕುವುದು ಹೇಗೆ? ಅಷ್ಟೇಕೆ, ತೂತಿಲ್ಲದ ದೋಸೆಯನ್ನು ದೋಸೆ ಎಂದು ಯಾರಾದರೂ ತಿನ್ನುತ್ತಾರೆಯೇ? ಇಷ್ಟೆಲ್ಲ ವಕಾಲತ್ತು ವಹಿಸುತ್ತಿರುವುದಕ್ಕೆ ಕಾರಣವಿದೆ. ಲೋಕವೆಲ್ಲ ತೂತು ಮುಚ್ಚುವುದಕ್ಕೆ ಒದ್ದಾಡುತ್ತಿದ್ದರೆ, ಹೋದ ತಿಂಗಳು ಮೂರು ವಾರ ಪೂರ್ತಿ ತೂತು ಉಳಿಸಿಕೊಳ್ಳುವುದಕ್ಕೆ ಒದ್ದಾಡಿದವಳು ನಾನು. ಒಂದಲ್ಲ, ಎರಡಲ್ಲ, ನೂರ ಅರವತ್ತೊಂಬತ್ತು ತೂತು.

ನಾನು ಕೋಲ್ಕತ್ತಾದ ಬೆಹಾಲಾದಲ್ಲಿ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಅಡಿಗೆಮನೆಯ ಕಪಾಟು, ಬಟ್ಟೆಯ ಕಪಾಟು, ಚಪ್ಪಲಿ ಗೂಡು ಎಲ್ಲ ಅಲ್ಲಿ ತಯಾರಾಗುತ್ತವೆ. ಗಾಬರಿಯಾಗಬೇಡಿ, ನನ್ನದು ಸುತ್ತಿಗೆ ಹಿಡಿಯುವ ಕೆಲಸವಲ್ಲ. ಒಂದು ಮೊಳೆ ನೆಟ್ಟಗೆ ಹೊಡೆಯಲು ನನಗೆ ಬರುವುದಿಲ್ಲ. ನಾನು ಕಂಪ್ಯೂಟರಿನಲ್ಲಿ ಕಪಾಟು ಬರೆಯುವವಳು. ಬರೆದದ್ದನ್ನು ಯಂತ್ರ ಓದಿಕೊಂಡು ಹಲಗೆ ಕೊಯ್ದು ತೂತು ಕೊರೆಯುತ್ತದೆ. ನಮ್ಮವರು ರೈಲ್ವೆಯವರು. ಮೈಸೂರಿನಿಂದ ವರ್ಗವಾಗಿ ಕೋಲ್ಕತ್ತಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಮಗಳು ಪೂರ್ವಿ ಕಾಲೇಜಿಗೆ ಸೇರಿದ ಮೇಲೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಆರು ತಿಂಗಳ ಕೋರ್ಸ್ ಮಾಡಿ ಈ ಕೆಲಸ ಹಿಡಿದೆ. ಕಾರ್ಖಾನೆಯ ಯಜಮಾನರಾದ ಮೊಂಡಲ್ ಬಾಬು ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ದಿದಿ, ನಿಮಗೆ ಸಿಟ್ಟು ಬೇಗ ಬರುತ್ತಾ?" "ಇಲ್ಲವೇ ಇಲ್ಲ" ಎಂದು ಹಸಿ ಸುಳ್ಳು ಹೇಳಿದೆ. ಅವರು ಯಾಕೆ ಕೇಳಿದರು ಎಂಬುದು ಮೊದಲ ಗಿರಾಕಿ ಬಂದ ದಿನವೇ ಗೊತ್ತಾಯಿತು. ಅಲಿಪುರದ ಒಬ್ಬ ವಕೀಲರ ಹೆಂಡತಿ ಒಂದೇ ಅಡಿಗೆಮನೆಗೆ ಹನ್ನೊಂದು ಸಲ ಬಾಗಿಲು ಬದಲಾಯಿಸಿದರು. ಹನ್ನೊಂದನೆಯದು ಎರಡನೆಯದೇ ಆಗಿತ್ತು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಬಾಗಿಲು ಬದಲಾಯಿಸುವುದು ಕಂಪ್ಯೂಟರಿನಲ್ಲಿ ಎರಡು ಕ್ಲಿಕ್ಕಿನ ಕೆಲಸ, ಅದರಲ್ಲೇನೂ ಕಷ್ಟವಿಲ್ಲ. ಕಷ್ಟವಿರುವುದು ತೂತಿನಲ್ಲಿ. ಕೀಲುಗಳಿಗೆ, ಹಿಡಿಗೆ ಬೇಕಾದ ತೂತುಗಳನ್ನು ನಮ್ಮ ತಂತ್ರಾಂಶ ತಾನೇ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿಗೆ ಬೇಕಾದ ತೂತನ್ನು ನಾವೇ ಕೈಯಾರೆ ಇಡಬೇಕು: ಎಡ ಅಂಚಿನಿಂದ ಇಷ್ಟು ಮಿಲಿಮೀಟರ್, ಕೆಳ ಅಂಚಿನಿಂದ ಇಷ್ಟು ಮಿಲಿಮೀಟರ್, ತೂತಿನ ಅಗಲ ಇಷ್ಟು ಎಂದು. ಇಟ್ಟಾದ ಮೇಲೆ ಬಾಗಿಲು ಬದಲಾಯಿಸಿದಿರೋ, ಹಳೆ ಬಾಗಿಲಿನ ಜೊತೆಗೆ ನೀವು ಇಟ್ಟ ತೂತುಗಳೂ ಹೋಗುತ್ತವೆ. ಸೀರೆ ಬದಲಾಯಿಸಿದರೆ ಹಣೆಯ ಕುಂಕುಮವೂ ಅಳಿಸಿಹೋದ ಹಾಗೆ. ಒಂದು ಮಾತು ಕೇಳುವುದಿಲ್ಲ, ಒಂದು ಎಚ್ಚರಿಕೆ ಕೊಡುವುದಿಲ್ಲ. ನುಣ್ಣಗೆ ಹೊಸ ಬಾಗಿಲು ಬಂದು ಏನೂ ಅರಿಯದ ಮಗುವಿನ ಹಾಗೆ ನಿಮ್ಮನ್ನೇ ನೋಡುತ್ತದೆ. ಅಲ್ಲಿಯವರೆಗೆ ನನಗೆ ಇದರಿಂದ ಅಂಥ ತೊಂದರೆ ಆಗಿರಲಿಲ್ಲ. ವೈರು ತೂರಿಸಲು ಒಂದು ತೂತು, ಬೀಗಕ್ಕೊಂದು ತೂತು, ಹೋದರೆ ಇನ್ನೊಂದು ಸಲ ಇಟ್ಟರಾಯಿತು. ತೂತು ನೂರು ದಾಟಬಹುದೆಂದು ನಾನೂ ಅಂದುಕೊಂಡಿರಲಿಲ್ಲ, ತಂತ್ರಾಂಶ ಬರೆದವರೂ ಅಂದುಕೊಂಡಿರಲಿಕ್ಕಿಲ್ಲ. ಅವರಿಗೆ ನಮ್ಮ ಅತ್ತೆ ಗೊತ್ತಿಲ್ಲವಲ್ಲ.

ನಮ್ಮ ಅತ್ತೆಗೆ ಈಗ ಎಪ್ಪತ್ತೆಂಟು. ಮಾವ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದರು. ಈ ವಯಸ್ಸಿನಲ್ಲಿ ಭಾಷೆ ಬಾರದ ಊರಿಗೆ ಬಂದು ಕೊರಗುತ್ತಾರೇನೋ ಎಂದು ನಮಗೆ ಹೆದರಿಕೆ. ಎಲ್ಲಿಯ ಕೊರಗು! ಮೂರೇ ತಿಂಗಳಲ್ಲಿ ಕೆಲಸದ ಮಾಶಿಯ ಮಗಳ ಮದುವೆಯ ವಿಚಾರ ಪೂರ್ತಿ ತಿಳಿದುಕೊಂಡಿದ್ದರು. ಅವರು ಆಡುವುದು ಕನ್ನಡ, ಮಾಶಿ ಆಡುವುದು ಬಂಗಾಳಿ, ಅದು ಹೇಗೆ ವ್ಯವಹಾರ ನಡೆಯುತ್ತದೋ ದೇವರೇ ಬಲ್ಲ. ಸಂಜೆಯಾದರೆ ಮಿಷ್ಟಿ ದೋಯಿ, ಅಂದರೆ ಸಿಹಿ ಮೊಸರು, ಬೇಕು, ಅದೂ ಮಣ್ಣಿನ ಕುಡಿಕೆಯಲ್ಲೇ ಬೇಕು. ಈ ಊರಿನಲ್ಲಿ ಅವರಿಗೆ ಇದ್ದ ಶತ್ರು ಒಂದೇ, ತೇವ. ಅತ್ತೆ ಬಿಸಿಲು ಕಾಯ್ದು ಮಾಡಿದ ಹಪ್ಪಳಕ್ಕೆ ಬೂಷ್ಟು, ಅರಳು ಸಂಡಿಗೆ ಮೆತ್ತಗೆ, ಸಾರಿನ ಪುಡಿ ಗಟ್ಟಿ. "ಈ ಊರಲ್ಲಿ ಗಾಳಿಗೂ ಬೆವರು ಬರುತ್ತೆ ಕಣೇ ಸುಮಾ" ಎನ್ನುತ್ತಿದ್ದರು.

ಅದು ಅವರು ಬಾಯಿಬಿಟ್ಟು ಹೇಳುತ್ತಿದ್ದ ಸಂಕಟ. ಹೇಳದೆ ಇದ್ದದ್ದು ಇನ್ನೊಂದಿತ್ತು. ನಮ್ಮ ಅತ್ತೆ ರಂಗೋಲಿಯಲ್ಲಿ ಮಹಾ ಗಟ್ಟಿಗಿತ್ತಿ. ಮೈಸೂರಿನ ಮನೆಯ ಮುಂದೆ ದಿನಕ್ಕೊಂದು ರಂಗೋಲಿ. ಇವತ್ತು ಇಟ್ಟದ್ದು ನಾಳೆ ಇಲ್ಲ. ಹಾಲಿನವನು ಸೈಕಲ್ ಇಳಿದು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಇಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ಬಾಗಿಲ ಮುಂದಿನ ನಡೆ ನಾಲ್ಕು ಮನೆಗೂ ಸೇರಿದ್ದು, ಬೆಳಗ್ಗೆ ಏಳಕ್ಕೆ ಒಬ್ಬಾಕೆ ಬಂದು ಫಿನಾಯಿಲ್ ಹಾಕಿ ಒರೆಸಿಬಿಡುತ್ತಾಳೆ. ಅದೂ ಹೋಗಲಿ ಎಂದರೆ ಮಂಡಿನೋವು. ಹೋದ ವರ್ಷ ಲಕ್ಷ್ಮೀಪೂಜೆಯ ದಿನ ಎದುರುಮನೆಯಾಕೆ, ನಾವೆಲ್ಲ ಬೌದಿ ಎಂದು ಕರೆಯುವವರು, ಅಕ್ಕಿಹಿಟ್ಟು ಕಲಸಿಕೊಂಡು ಬಾಗಿಲಲ್ಲಿ ಆಲ್ಪನಾ, ಅಂದರೆ ಇಲ್ಲಿನ ರಂಗೋಲಿ, ಬರೆಯುತ್ತಿದ್ದರು, ಲಕ್ಷ್ಮಿಯ ಪುಟ್ಟ ಪುಟ್ಟ ಹೆಜ್ಜೆಗಳು, ಬಳ್ಳಿ. ನೋಡುತ್ತ ನಿಂತಿದ್ದ ಅತ್ತೆಯನ್ನು "ಮಾಶಿಮಾ, ನೀವೂ ಒಂದು ಬಿಡಿಸಿ" ಎಂದು ಕರೆದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂರಲು ಹೋದವರು ಅರ್ಧಕ್ಕೆ ನಿಂತರು. ಕೂರಲೂ ಆಗದೆ ಏಳಲೂ ಆಗದೆ ನಿಂತವರನ್ನು ಬೌದಿಯೂ ನಾನೂ ಎರಡೂ ಕಡೆ ಹಿಡಿದು ಎತ್ತಬೇಕಾಯಿತು. ಅವರು ನಕ್ಕರು. "ಮಂಡಿ ಹೋದರೆ ಹೋಗಲಿ, ಕೈಯೂ ಮರೆತುಹೋಯಿತೋ ಏನೋ" ಎಂದು ಒಳಗೆ ಹೋದರು. ಅವರು ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನನ್ನ ವಿಷಯ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ನನಗೆ ರಂಗೋಲಿ ಬರುವುದಿಲ್ಲ. ತವರಿನಲ್ಲಿ ಅಕ್ಕ ರಂಗೋಲಿ ಇಡುತ್ತಿದ್ದಳು, ನಾನು ಬಣ್ಣ ತುಂಬುತ್ತಿದ್ದೆ, ಅದೂ ಗೆರೆ ದಾಟಿ. ಮದುವೆಯಾದ ಹೊಸದರಲ್ಲಿ ಅತ್ತೆ ಎರಡು ದಿನ ಕಲಿಸಿ ನೋಡಿ, ಮೂರನೇ ದಿನ "ನೀನು ಒಳಗೆ ಕಾಫಿ ಮಾಡಮ್ಮ" ಎಂದರು. ಕೋಲ್ಕತ್ತಾದಲ್ಲಿ ನಮ್ಮ ಹೊಸಿಲ ಮುಂದೆ ಇರುವುದು ಅಂಗಡಿಯಿಂದ ತಂದು ಅಂಟಿಸಿದ ಪ್ಲಾಸ್ಟಿಕ್ ರಂಗೋಲಿ. ಅತ್ತೆ ಬಂದ ಮೊದಲ ದಿನ ಅದನ್ನು ನೋಡಿ, ಕಾಲಿನ ಹೆಬ್ಬೆರಳಿನಿಂದ ಅದರ ಎದ್ದುಬಂದ ಒಂದು ತುದಿಯನ್ನು ಮೆಲ್ಲಗೆ ಒತ್ತಿ ಒಳಗೆ ಬಂದರು. ಬೈದಿದ್ದರೆ ವಾಸಿಯಿತ್ತು.

ಹೀಗಿರುವಾಗ ಸೆಪ್ಟೆಂಬರಿನ ಒಂದು ದಿನ ಹಪ್ಪಳದ ಡಬ್ಬಿಯನ್ನು ಪೂರ್ತಿ ಕಸಕ್ಕೆ ಸುರಿಯಬೇಕಾಗಿ ಬಂದಾಗ ಅತ್ತೆ ತೀರ್ಮಾನ ಹೇಳಿದರು. "ಊರವರಿಗೆಲ್ಲ ಕಪಾಟು ಮಾಡಿಕೊಡ್ತೀಯ. ನನಗೊಂದು ಮಾಡಿಸಿಕೊಡು. ಬಾಗಿಲಿಗೆ ಉಸಿರಾಡೋಕೆ ತೂತು ಇರಲಿ." ಅದೇನು ಮಹಾ ಎಂದು ನಾನು ಒಪ್ಪಿಕೊಂಡೆ. "ಎಷ್ಟು ತೂತು ಅತ್ತೆ?" ಎಂದೆ, ಸುಮ್ಮನೆ ಮಾತಿಗೆ. ಅವರು ಹೇಳಿದರು: "ಹದಿನೈದು ಚುಕ್ಕಿ. ಎಂಟಕ್ಕೆ ನಿಲ್ಲಿಸು. ಸಂದು ಚುಕ್ಕಿ." ರಂಗೋಲಿ ಬಲ್ಲವರಿಗೆ ಇಷ್ಟು ಸಾಕು. ಬಾರದವರಿಗಾಗಿ ಹೇಳುತ್ತೇನೆ: ನಡುವಿನ ಸಾಲಿನಲ್ಲಿ ಹದಿನೈದು ಚುಕ್ಕಿ, ಅದರ ಮೇಲೆ ಒಂದು, ಕೆಳಗೆ ಒಂದು ಸಾಲು ಹದಿನಾಲ್ಕರದು, ಎರಡು ಚುಕ್ಕಿಗಳ ಸಂದಿಗೆ ಒಂದು ಚುಕ್ಕಿ ಬರುವಂತೆ, ಹೀಗೇ ಒಂದೊಂದು ಕಡಿಮೆಯಾಗುತ್ತಾ ಎರಡೂ ಕಡೆ ಎಂಟಕ್ಕೆ ಬಂದು ನಿಲ್ಲುವುದು. ನಾನು ಕಾಗದದ ಮೇಲೆ ಕೂಡಿಸಿದೆ. ನೂರ ಅರವತ್ತೊಂಬತ್ತು! ತೂತು ಕೇಳುವ ನೆಪದಲ್ಲಿ ಅತ್ತೆ ಕೇಳುತ್ತಿರುವುದು ಏನೆಂದು ನನ್ನಂಥ ಪೆದ್ದಿಗೂ ಅರ್ಥವಾಯಿತು. ನೆಲದ ಮೇಲೆ ಇಡಲಾಗದ ರಂಗೋಲಿಯನ್ನು ಬಾಗಿಲ ಮೇಲೆ ಇಡಿಸಿಕೊಳ್ಳುತ್ತಿದ್ದಾರೆ, ಫಿನಾಯಿಲಿನವಳು ಇದನ್ನು ಒರೆಸಲಾರಳು. ಏನಾದರಾಗಲಿ ಇದನ್ನು ಮಾಡಿಸಿಯೇ ತೀರಬೇಕೆಂದು ಆ ಕ್ಷಣದಲ್ಲಿ ನಿಶ್ಚಯ ಮಾಡಿದೆ.

ಮೊಂಡಲ್ ಬಾಬು ದೊಡ್ಡ ಮನಸ್ಸಿನವರು. "ದಿದಿಯ ಶಾಶುಡಿಗೆ ತಾನೇ, ಮಿಕ್ಕಿದ ಹಲಗೆ ಇದೆ, ಮಾಡಿಸಿಕೊಳ್ಳಿ" ಎಂದರು. ಶಾಶುಡಿ ಎಂದರೆ ಅತ್ತೆ. "ಆದರೆ ಪುಜೋರ್ ಆಗೆ!" ದುರ್ಗಾಪೂಜೆಗೆ ಮುಂಚೆ. ಈ ಊರಿನಲ್ಲಿ ಕಾಲ ಎರಡೇ, ಪೂಜೆಗೆ ಮುಂಚೆ ಮತ್ತು ಪೂಜೆಯ ನಂತರ. ಪೂಜೆಗೆ ಮುಂಚೆ ಎಲ್ಲವೂ ಆಗಬೇಕು, ಪೂಜೆಯ ನಂತರ ಯಾವುದೂ ಆಗುವುದಿಲ್ಲ. ನವರಾತ್ರಿಯ ಪಂಚಮಿಯ ದಿನ ಯಂತ್ರಕ್ಕೆ ಹೂವಿಟ್ಟು ಕಾರ್ಖಾನೆ ಮುಚ್ಚಿದರೆ ಕೆಲಸಗಾರರು ಊರು ಸೇರುತ್ತಾರೆ. ನನಗೆ ಉಳಿದಿದ್ದದ್ದು ಮೂರು ವಾರ.

ಮೊದಲ ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತೆ. ಮರದ ಬಣ್ಣದ ಬಾಗಿಲು ಆರಿಸಿದೆ, ಮರ ಎಂದರೆ ಮರದ ಬಣ್ಣ ಇರಬೇಕು ಎಂಬುದು ನನ್ನ ಮತ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆ ಕೂತರು. ಎಡ ಅಂಚಿನಿಂದ ಇಷ್ಟು, ಕೆಳ ಅಂಚಿನಿಂದ ಇಷ್ಟು ಎಂದು ನಾನು ಒಂದೊಂದೇ ತೂತು ಇಡುತ್ತಾ ಹೋದೆ, ಅವರು ಸೊಪ್ಪು ಬಿಡಿಸುತ್ತಾ ಎಣಿಸುತ್ತಾ ಹೋದರು. "ಹನ್ನೆರಡು ಆಯ್ತಾ? ಇಲ್ಲ, ಹನ್ನೊಂದೇ ಇಟ್ಟಿದ್ದೀಯ. ಮಾತಾಡ್ಬೇಡ, ಲೆಕ್ಕ ತಪ್ಪುತ್ತೆ." ಒಂದು ಸಾಲನ್ನು ಒಟ್ಟಿಗೇ ಇಡುವ ಉಪಾಯ ತಂತ್ರಾಂಶದಲ್ಲೇ ಇತ್ತಂತೆ, ನನಗೆ ತಿಳಿದದ್ದು ಆಮೇಲೆ. ನಡುವೆ ನಮ್ಮವರು ಇಣುಕಿ "ಜಿರಲೆಗೆ ಇಷ್ಟೊಂದು ಕಿಟಕಿ ಯಾಕೆ?" ಎಂದರು. "ಒಳಗಡೆ ಜಾಲರಿ ಹಾಕಿಸ್ತಾಳೆ, ನೀನು ಹೋಗಿ ಪೇಪರ್ ಓದು" ಎಂದು ಅತ್ತೆ ನನ್ನ ಪರವಾಗಿ ಗದರಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನ ಪರ ನಿಂತದ್ದು ಕಂಡು ನಮ್ಮವರಿಗೆ ಗಾಬರಿಯಾಗಿ ನಿಜಕ್ಕೂ ಪೇಪರ್ ಓದಲು ಹೋದರು. ಊಟದ ಹೊತ್ತಿಗೆ ನೂರ ಅರವತ್ತೊಂಬತ್ತೂ ಕೂತವು. ತೆರೆಯ ಮೇಲೆ ನಿಜವಾಗಿಯೂ ರಂಗೋಲಿಯ ಚುಕ್ಕಿಗಳು! ನಾನು ಹಿಗ್ಗಿಹೋದೆ.

ಆಗ ಪೂರ್ವಿ ಬಂದಳು. ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಮೂರು ಭಾಷೆಯ ಖಿಚಡಿ. "ಅಮ್ಮಾ, ಬ್ರೌನ್? ಸೋ ಬೋರಿಂಗ್ ಯಾರ್! ಸೇಜ್ ಗ್ರೀನ್ ಹಾಕು ನಾ, ಕಿಚನ್ ಬ್ರೈಟ್ ಕಾಣುತ್ತೆ." ಹೌದೇ ಎನಿಸಿತು. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸವಲ್ಲವೇ, ಕೈ ತಾನಾಗಿ ಹೋಯಿತು. ಎರಡು ಕ್ಲಿಕ್. ತಿಳಿಹಸಿರು ಬಾಗಿಲು ಬಂತು, ನುಣ್ಣಗೆ, ತಣ್ಣಗೆ, ಒಂದೇ ಒಂದು ತೂತಿಲ್ಲದೆ. ಗಾಬರಿಯಲ್ಲಿ ಅದನ್ನೇ ಸೇವ್ ಮಾಡಿ ತಂತ್ರಾಂಶ ಮುಚ್ಚಿಬಿಟ್ಟೆ. "ಎಲ್ಲಿ ಹೋಯ್ತೇ?" ಎಂದರು ಅತ್ತೆ. "ಒರೆಸಿಹೋಯಿತು ಅತ್ತೆ" ಎಂದೆ. ಅವರು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನನಗೆ ಅಳು ಬಂತು. ದಿನಾ ಕಪಾಟಿನಲ್ಲೇ ಬದುಕುವವಳು ನಾನು, ನನಗೇ ಹೀಗಾಗಬೇಕೆ!

ಎರಡನೆಯ ಸಲ ವಾರದ ಸಂಜೆಗಳಲ್ಲಿ ಒಂದಿಷ್ಟು ಒಂದಿಷ್ಟಾಗಿ ಇಟ್ಟೆ. ಅತ್ತೆ ಪಕ್ಕದಲ್ಲಿ ಕೂತು ಎಣಿಸಿದರು. ಈ ಸಲ ಸೊಪ್ಪಿಲ್ಲ, ಪೂರ್ತಿ ಗಮನ ತೂತಿನ ಮೇಲೆ. ಹಸಿರು ಬಾಗಿಲ ಮೇಲೆ ರಂಗೋಲಿ ಎದ್ದಿತು. ಕಾರ್ಖಾನೆಗೆ ಒಯ್ದು ಮೊಂಡಲ್ ಬಾಬುಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ "ದಾರುಣ್!" ಎಂದರು. ಬಂಗಾಳಿಯಲ್ಲಿ ಅದು ಹೊಗಳಿಕೆ. ಹೊಸದರಲ್ಲಿ ಯಾರಾದರೂ ನನ್ನ ಕೆಲಸ ನೋಡಿ ಹಾಗೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಹೊಗಳಿಕೆಯ ಹಿಂದೆಯೇ "ದಿದಿ, ಹಸಿರು ಹಲಗೆ ಮುಗಿದುಹೋಗಿದೆ. ಬಿಳಿ ಇದೆ. ಬಿಳಿ ಚೆನ್ನಾಗಿರುತ್ತೆ, ದೊಡ್ಡವರ ಮನೆಯಲ್ಲೆಲ್ಲ ಈಗ ಬಿಳಿಯೇ" ಎಂದರು. ಬಿಳಿಯೂ ಸರಿ ಎನಿಸಿತು. ಎರಡು ಕ್ಲಿಕ್. ನಂಬುತ್ತೀರೋ ಇಲ್ಲವೋ, ಕ್ಲಿಕ್ ಮಾಡಿದ ಮೇಲೆ ನನಗೆ ನೆನಪಾಯಿತು! ಪುಣ್ಯಕ್ಕೆ ಈ ಸಲ ಬುದ್ಧಿ ಅರ್ಧ ಎಚ್ಚರವಿತ್ತು, ಮಾಡಿದ್ದನ್ನು ರದ್ದು ಮಾಡುವ ಕೀಲಿ ಒತ್ತಿ ಹಸಿರು ಬಾಗಿಲನ್ನೂ ಅದರ ತೂತುಗಳನ್ನೂ ವಾಪಸು ಕರೆದುಕೊಂಡೆ.

ಇನ್ನು ಇದಕ್ಕೊಂದು ಗತಿ ಕಾಣಿಸದೆ ಬಿಡಬಾರದೆಂದು ಎರಡು ದಿನ ಊಟದ ಬಿಡುವಿನಲ್ಲಿ ತಂತ್ರಾಂಶದ ಮೂಲೆ ಮೂಲೆ ಹುಡುಕಿದೆ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ. ಅಜ್ಜಿಯರು ಸೀರೆಯ ಮಡಿಕೆಯೊಳಗೆ ಪರ್ಸು, ಪರ್ಸಿನೊಳಗೆ ಕರ್ಚೀಫು, ಕರ್ಚೀಫಿನ ಗಂಟಿನಲ್ಲಿ ಓಲೆ ಇಡುವ ಹಾಗೆ ಇಟ್ಟಿದ್ದರು. ಕೊನೆಗೂ ಸಿಕ್ಕಿತು: ಬಾಗಿಲು ಬದಲಾಯಿಸಿದಾಗ ಕೈಯಾರೆ ಇಟ್ಟ ತೂತುಗಳನ್ನು ಹಾಗೇ ಉಳಿಸಬೇಕೆ ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ಒಂದು ಖಾಲಿ ಚೌಕ. ನಾನು ಅದಕ್ಕೆ ಸರಿ ಗುರುತು ಹಾಕಿದೆ. ಕಣ್ಣು ಮುಚ್ಚಿ ಬಿಳಿ ಬಾಗಿಲು ಹಾಕಿದೆ. ಕಣ್ಣು ಬಿಟ್ಟರೆ ತೂತುಗಳು ಇವೆ! ನೂರ ಅರವತ್ತೊಂಬತ್ತೂ ಇವೆ! ಮೊಂಡಲ್ ಬಾಬು ಎಲ್ಲರಿಗೂ ಚಹಾ ತರಿಸಿದರು.

ಸಂಜೆ ಮನೆಗೆ ಬಂದು ಗೆದ್ದವಳ ಹಾಗೆ ಅತ್ತೆಯ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಅವರು ನೋಡಿದರು, ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದರು. "ಯಾಕೇ ಇದು ಬಸ್ಸಿನಲ್ಲಿ ಪಕ್ಕದವರಿಗೆ ಸೀಟು ಬಿಟ್ಟ ಹಾಗೆ ಸರಿದು ಕೂತಿದೆ?" ಹೌದಲ್ಲ! ಬಿಳಿ ಬಾಗಿಲು ಕಪಾಟಿನ ಪೆಟ್ಟಿಗೆಯ ಅಂಚನ್ನೂ ಮುಚ್ಚುವ ಜಾತಿಯದು, ಹಸಿರಿಗಿಂತ ಎರಡು ಬೆರಳು ಅಗಲ. ನನ್ನ ತೂತುಗಳೆಲ್ಲ ಎಡ ಅಂಚಿನಿಂದ ಅಳೆದವು. ಬಾಗಿಲು ಬಲಕ್ಕೆ ಬೆಳೆದರೂ ಅವು ನಿಷ್ಠೆಯಿಂದ ಎಡಕ್ಕೇ ಅಂಟಿಕೊಂಡಿದ್ದವು. "ನೀನು ಚುಕ್ಕಿ ಎಲ್ಲಿಂದ ಶುರು ಮಾಡಿದೆ?" ಎಂದರು ಅತ್ತೆ. "ಮೂಲೆಯಿಂದ." "ಎರಡು ಸಲ ಪಕ್ಕದಲ್ಲೇ ಕೂತು ಎಣಿಸಿದೆನಲ್ಲ, ನನಗೂ ಹೊಳೀಲಿಲ್ಲ ನೋಡು. ಅಯ್ಯೋ ಪೆದ್ದಿ, ಮೂಲೆಯಿಂದ ಯಾರಾದರೂ ಚುಕ್ಕಿ ಇಡ್ತಾರಾ? ನಡು ಚುಕ್ಕಿ ಮೊದಲು. ಅದು ಕೂತರೆ ಅಂಗಳ ದೊಡ್ಡದಾದರೇನು, ಸಣ್ಣದಾದರೇನು, ಅದರ ಸುತ್ತ ಉಳಿದದ್ದು ತಾನಾಗಿ ಕೂರುತ್ತೆ."

ಮಾರನೆಯ ದಿನ ಕಾರ್ಖಾನೆಯಲ್ಲಿ ಹುಡುಕಿದೆ. ಅಂಚಿನ ಬದಲು ಬಾಗಿಲಿನ ನಡುಗೆರೆಯಿಂದ ಅಳೆಯುವ ವ್ಯವಸ್ಥೆಯೂ ತಂತ್ರಾಂಶದಲ್ಲಿ ಇತ್ತು. ನಡು ಚುಕ್ಕಿ ಇಟ್ಟು ಬಲಗಡೆಯದನ್ನು ಮಾತ್ರ ಇಟ್ಟೆ, ಎಡಗಡೆಯದನ್ನು ಕನ್ನಡಿಯಲ್ಲಿ ಕಂಡ ಹಾಗೆ ಅದೇ ಮಾಡಿಕೊಂಡಿತು. ವಾರದ ಸಂಜೆಗಳ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಆಮೇಲೆ ಬಾಗಿಲು ಬದಲಾಯಿಸಿ ನೋಡಿದೆ, ಅಗಲ ಮಾಡಿ ನೋಡಿದೆ, ಗಿಡ್ಡ ಮಾಡಿ ನೋಡಿದೆ. ರಂಗೋಲಿ ನಡುವಿನಿಂದ ಕದಲಲಿಲ್ಲ. ಆರು ತಿಂಗಳ ಕೋರ್ಸಿನಲ್ಲಿ ಹೇಳಿಕೊಡದ ಪಾಠವನ್ನು ಕಂಪ್ಯೂಟರ್ ಮುಟ್ಟದ ಅತ್ತೆ ಸಂಜೆಯ ಕಾಫಿ ಕುಡಿಯುತ್ತಾ ಹೇಳಿಬಿಟ್ಟಿದ್ದರು. ಮೊಂಡಲ್ ಬಾಬುಗೆ ಹೇಳಿದೆ. "ನಿಮ್ಮ ಶಾಶುಡಿಯನ್ನು ಕೆಲಸಕ್ಕೆ ಕಳಿಸಿ ದಿದಿ" ಎಂದರು. ತಮಾಷೆಗೆ ಹೇಳಿದರೆಂದು ನಾನು ನಂಬಿಕೊಂಡಿದ್ದೇನೆ.

ಚೌತಿಯ ದಿನ, ಕಾರ್ಖಾನೆ ಮುಚ್ಚಲು ಒಂದು ದಿನ ಇರುವಾಗ, ವ್ಯಾನ್ ರಿಕ್ಷಾದಲ್ಲಿ ಕಪಾಟು ಬಂತು. ಬೀದಿಯಲ್ಲಿ ಪೂಜೆಯ ಚಪ್ಪರದ ಬಿದಿರು ಅಡ್ಡ, ಮೂರು ಮಹಡಿ ಹೊತ್ತು ತಂದವರು ನಮ್ಮ ಅಡಿಗೆಮನೆಯಲ್ಲಿ ನಿಲ್ಲಿಸಿ ಬಾಗಿಲು ಜೋಡಿಸಿದರು. ಹಾಲಿನಂಥ ಬಿಳಿ ಬಾಗಿಲು, ನಟ್ಟನಡುವೆ ಚುಕ್ಕಿಗಳ ತೇರು. ಮನೆಯವರೆಲ್ಲ ಸುತ್ತ ನಿಂತೆವು. ಅತ್ತೆ ಹತ್ತಿರ ಹೋಗಿ ನಡುವಿನ ತೂತಿಗೆ ಬೆರಳಿಟ್ಟು ಹದಿನೈದೂ ಎಣಿಸಿದರು, ಮೇಲಿನ ಎಂಟು, ಕೆಳಗಿನ ಎಂಟು ಎಣಿಸಿದರು. "ಲೆಕ್ಕ ಸರಿಯಾಗಿದೆ" ಎಂದರು. ಅಷ್ಟೇ. ಡಬ್ಬಿಗಳನ್ನು ಜೋಡಿಸತೊಡಗಿದರು. ನನಗೆ ಸ್ವಲ್ಪ ಸಪ್ಪೆ ಎನಿಸಿತು. ಇಷ್ಟು ಒದ್ದಾಡಿದ್ದಕ್ಕೆ ಒಂದು ಒಳ್ಳೆಯ ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ.

ಮರುದಿನ ಬೆಳಗ್ಗೆ ಕಾಫಿಗೆ ಎದ್ದು ಬಂದರೆ ಅಡಿಗೆಮನೆಯಲ್ಲಿ ಅತ್ತೆ ಸ್ನಾನ ಮಾಡಿ, ಸೆರಗು ಸಿಕ್ಕಿಸಿ, ಕಪಾಟಿನ ಮುಂದೆ ನಿಂತಿದ್ದಾರೆ. ಕೈ ಬಾಗಿಲ ಮೇಲೆ ಓಡಾಡುತ್ತಿದೆ. ಒರೆಸುತ್ತಿದ್ದಾರೇನೋ ಎಂದುಕೊಂಡೆ.

"ಏನು ಮಾಡ್ತಿದ್ದೀರಿ ಅತ್ತೆ?"

"ರಂಗೋಲಿ ಇಡ್ತಿದ್ದೀನಿ. ಕಾಣಿಸ್ತಿಲ್ವಾ?"

"ಇಲ್ಲ."

"ನನಗೂ ಇಲ್ಲ" ಎಂದರು, ಕೈ ನಿಲ್ಲಿಸದೆ.

ಹತ್ತಿರ ಹೋದೆ. ಬೆರಳಿನಲ್ಲಿ ಸೀಮೆಸುಣ್ಣದ ತುಂಡು. ಬಿಳಿಯ ಮೇಲೆ ಬಿಳಿ. ತೂತಿನಿಂದ ತೂತಿಗೆ, ಒಂದನ್ನು ಬಳಸಿ ಇನ್ನೊಂದನ್ನು ದಾಟಿ ಗೆರೆ ಎಳೆಯುತ್ತಿದ್ದರು. ಆಗ ನನ್ನ ತಲೆಗೆ ಹೊಳೆಯಿತು. ಚುಕ್ಕಿಯೇ ರಂಗೋಲಿ ಎಂದು ತಿಳಿದವಳು ಬಣ್ಣ ತುಂಬುವ ನಾನೊಬ್ಬಳೇ. ಚುಕ್ಕಿ ಇಡುವುದು ಗೆರೆ ಎಳೆಯುವುದಕ್ಕೆ, ಅದೂ ದಿನಕ್ಕೊಂದು. ಅವರು ಕೇಳಿದ್ದು ನೋಡಿಕೊಂಡು ಕೂರುವುದಕ್ಕೊಂದು ಬಾಗಿಲನ್ನಲ್ಲ. ಮಂಡಿ ಬಗ್ಗಿಸದೆ, ನಿಂತುಕೊಂಡೇ ರಂಗೋಲಿ ಇಡಲು ಒಂದು ಅಂಗಳವನ್ನು ಕೇಳಿದ್ದರು. ನಾನು ಕಿಟಕಿಯ ಪರದೆ ಸರಿಸಿ, ಗೋಡೆಗೆ ಕೆನ್ನೆ ತಾಗಿಸಿ ಓರೆಯಿಂದ ನೋಡಿದೆ. ಬೆಳಕಿಗೆ ಗೆರೆ ಸಣ್ಣಗೆ ಹೊಳೆಯಿತು. ನೂರ ಅರವತ್ತೊಂಬತ್ತು ಚುಕ್ಕಿಗಳ ನಡುವೆ ಎಲ್ಲೂ ಕಡಿಯದೆ, ಎಲ್ಲೂ ತಡವರಿಸದೆ, ಹೊರಟಲ್ಲಿಗೇ ಬಂದು ಕೂಡಿಕೊಂಡಿತ್ತು.

"ಕೈ ಮರೆತಿಲ್ಲ ಅತ್ತೆ" ಎಂದೆ.

"ಹೂಂ ಕಣೇ, ಮರೆತಿಲ್ಲ" ಎಂದರು. ಆ ಮುಖದಲ್ಲಿದ್ದ ಸಂತೋಷ ನೋಡಿ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಅವರು ಸೀಮೆಸುಣ್ಣವನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು, ಕೈ ಕೊಡವಿ, ಒಂದು ಹೆಜ್ಜೆ ಹಿಂದೆ ಸರಿದು ಏನೂ ಕಾಣದ ಬಾಗಿಲನ್ನು ದಿಟ್ಟಿಸಿ ಹೇಳಿದರು: "ಬಾಗಿಲು ಮಾತ್ರ ಬದಲಾಯಿಸು. ತೂತು ಹಾಗೇ ಇರಲಿ."

ಎರಡು ಕ್ಲಿಕ್ಕಿನ ಕೆಲಸ ಎಂಬಂತೆ ಹೇಳಿದರು. ತಪ್ಪು ಅವರದಲ್ಲ, ಹಾಗೆಂದು ಕಲಿಸಿದವಳು ನಾನೇ. ಮರದ ಬಣ್ಣ ನನ್ನ ಇಷ್ಟ, ಹಸಿರು ಮಗಳ ಇಷ್ಟ, ಬಿಳಿ ಮೊಂಡಲ್ ಬಾಬುವಿನ ಇಷ್ಟ. ಮೂರು ವಾರ ಪಕ್ಕದಲ್ಲೇ ಕೂತು ತೂತು ಎಣಿಸಿದವರಿಗೆ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಈಗ ಕೇಳಿದೆ. "ನಿಮಗೆ ಯಾವ ಬಣ್ಣ ಬೇಕು ಅತ್ತೆ?"

"ಸಗಣಿ ಸಾರಿಸಿದ ನೆಲದ ಬಣ್ಣ" ಎಂದರು, ಮೂರು ವಾರದಿಂದ ಉತ್ತರ ಸಿದ್ಧವಾಗಿಟ್ಟುಕೊಂಡವರ ಹಾಗೆ. "ಇದೆಯೇನೇ ನಿನ್ನ ಕಂಪ್ಯೂಟರಿನಲ್ಲಿ?"

ಪೂಜೆ ಮುಗಿದು ಕಾರ್ಖಾನೆ ತೆರೆಯುವವರೆಗೆ ನನಗೀಗ ಬಿಡುವು. ಬಣ್ಣಗಳ ಪಟ್ಟಿ ತೆರೆದುಕೊಂಡು, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಬಾಗಿಲು ಬದಲಾಯಿಸಿ ತೋರಿಸುತ್ತಿದ್ದೇನೆ. "ಇದು?" "ಅಲ್ಲ." "ಇದು?" "ಇನ್ನೂ ಒಂಚೂರು ಹಸಿ ಇರಬೇಕು." ಎಷ್ಟು ಬದಲಾಯಿಸಿದರೂ ನಡುವಿನ ನೂರ ಅರವತ್ತೊಂಬತ್ತು ತೂತುಗಳು ಕದಲುವುದಿಲ್ಲ. ಆ ಬಾಗಿಲು ಯಾರದೆಂದು ತಿಳಿಯುವುದಕ್ಕೆ ನನಗೆ ಮಾತ್ರ ಮೂರು ಬಾಗಿಲು ಬೇಕಾದವು.